ಚಳಿಗಾಲ ತೆಗೆದರೆ

ಮೇ 6

ಅತ್ತಿಗೆ,

ರೈಲಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ಬೈಯಬೇಡಿ. ನಿಮ್ಮ ಬೆಟ್ಟದ ಮೇಲೆ ಯಾರಾದರೂ ಮೊಬೈಲ್ ಹಚ್ಚಿದರೆ ರೇಡಿಯೋ ದೂರದರ್ಶಕದ ಕಿವಿ ಕಿವುಡಾಗುತ್ತದೆ, ಆಫೀಸಿನ ಮೇಲ್‌ನಲ್ಲಿ ಮನೆಮಾತು ಬರೆಯಲು ನಿಮಗೆ ಮನಸ್ಸಿಲ್ಲ. ನಿಮ್ಮ ದೆಸೆಯಿಂದ ನಾನು ಮತ್ತೆ ಪೆನ್ನು ಹಿಡಿಯುವುದನ್ನು ಕಲಿತೆ.

ನಿನ್ನೆಯ ಟಾಕ್ ಮುಗಿಯಿತು. ಹೊಸ ಊರು, ಹೊಸ ಸಂಸ್ಥೆ, ಅದೇ ಹಾಡು. ಕೋಣೆಗೆ ಕಿಟಕಿಯೇ ಇರಲಿಲ್ಲ. ಪ್ರೊಜೆಕ್ಟರಿಗೂ ನನ್ನ ಲ್ಯಾಪ್‌ಟಾಪಿಗೂ ಎಣ್ಣೆ ಸೀಗೆಕಾಯಿ. ನೀಲಿ ಪರದೆಯ ಮುಂದೆ ಹಲ್ಲು ಕಿರಿಯುತ್ತ ನಿಂತಿದ್ದೆ. ಮೊದಲ ಸಾಲಿನ ಹಿರಿಯರೊಬ್ಬರು ಮೊದಲ ಸ್ಲೈಡಿಗೇ ನಿದ್ದೆಹೋದರು, ಕೊನೆಯ ಸ್ಲೈಡಿಗೆ ಸರಿಯಾಗಿ ಎದ್ದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಕೇಳಿದರು. ಇದನ್ನು ಇವರೆಲ್ಲ ಎಲ್ಲಿ ಕಲಿಯುತ್ತಾರೋ! ಇನ್ನೊಬ್ಬರು "ಇದು ಪ್ರಶ್ನೆ ಅಲ್ಲ, ಒಂದು ಅನಿಸಿಕೆ" ಅಂತ ಎದ್ದು ತಮ್ಮ ಹಳೆಯ ಸಂಶೋಧನೆಯ ಭಾಷಣವನ್ನೇ ಕೊಟ್ಟರು.

ಆದರೂ ಜನ ಕೇಳಿದರು, ಅತ್ತಿಗೆ. ನಿಜವಾಗಿ ಕೇಳಿದರು. ಅಮ್ಮ ವಿಚಾರಿಸಿದರೆ ಹೀಗೆ ಹೇಳಿ: ನಿಮ್ಮ ಸೊಸೆ ನೋಡಿಕೊಳ್ಳುವ ದೂರದರ್ಶಕದ ಅಳತೆಗಳಿಂದ, ನೂರಾರು ಕೋಟಿ ವರ್ಷಗಳ ಹಿಂದೆ ಹೈಡ್ರೋಜನ್ ಅನಿಲ ಆಕಾಶದಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಗುಂಪುಗೂಡಿತ್ತು ಎಂದು ನಿಮ್ಮ ಮಗಳು ಲೆಕ್ಕ ಹಾಕಿದ್ದಾಳೆ. ಇರಬೇಕಾದಷ್ಟು ಇಲ್ಲ. ಇದು ನಿಜವಾದರೆ, ನಾವೆಲ್ಲ ಪಾಠ ಮಾಡುತ್ತ ಬಂದ ವಿಶ್ವದ ಕಥೆಯಲ್ಲಿ ಎಲ್ಲೋ ಒಂದು ಪುಟ ತಪ್ಪಿದೆ.

ಜುಲೈ ಕೊನೆಗೆ ದೊಡ್ಡ ಸಭೆ. ನಮ್ಮ ಪ್ರೊಫೆಸರ್ ತಮ್ಮ ಬದಲು ನನ್ನನ್ನೇ ವೇದಿಕೆಗೆ ಕಳಿಸುತ್ತಿದ್ದಾರೆ. ನಿನ್ನೆ ಹೋಗಿದ್ದ ಸಂಸ್ಥೆಯಲ್ಲಿ ಒಂದು ಖಾಯಂ ಹುದ್ದೆ ಖಾಲಿಯಿದೆ, ಆಯ್ಕೆ ಮಾಡುವವರು ಆ ಸಭೆಯಲ್ಲಿರುತ್ತಾರೆ. ನನ್ನ ಬದುಕು ನಿಮಗೆ ಗೊತ್ತಲ್ಲ. ಎರಡು ವರ್ಷ ಇಲ್ಲಿ, ಎರಡು ವರ್ಷ ಅಲ್ಲಿ. ಒಂದು ಬಾಣಲೆ ಕೊಳ್ಳಬೇಕಾದರೂ "ಬಿಟ್ಟುಹೋಗುವಾಗ ಭಾರ" ಎಂದು ಕೈ ಹಿಂದೆಗೆಯುತ್ತೇನೆ. ಈ ಸಲ ಒಂದು ಕಡೆ ಬೇರು ಬಿಡಬಹುದೇನೋ.

ಇನ್ನೊಂದು ಸಣ್ಣ ವಿಷಯ. ಹೋದ ಚಳಿಗಾಲದಲ್ಲಿ ನಿಮ್ಮ ಯಂತ್ರಕ್ಕೆ ಏನಾದರೂ ಆಗಿತ್ತೇ? ಸುಮ್ಮನೆ ಕೇಳಿದೆ, ಅಷ್ಟೇ.

ನಿಮ್ಮ
ಗುಬ್ಬಿ


ಮೇ 20

ಗುಬ್ಬಿ,

ನಿನ್ನ ಪತ್ರ ತರಕಾರಿ ವ್ಯಾನಿನಲ್ಲಿ ಬಂತು. ಕ್ಯಾಂಟೀನಿನಲ್ಲೇ ಒಡೆದು ಓದಿದೆ. ನಿದ್ದೆಹೋದ ಹಿರಿಯರ ಕಥೆಗೆ ನಮ್ಮ ವೆಲ್ಡರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮ ಡೈರೆಕ್ಟರ್ ಅಲ್ಲೂ ಹೋಗಿದ್ರಾ ಮೇಡಂ?" ಅಂದ.

ಹೋದ ವಾರ ಮನೆಗೆ ಹೋಗಿದ್ದೆ. ಆಪರೇಷನ್ ಮಾಡಿ ಹಾಕಿದ ಅತ್ತೆಯ ಹೊಸ ಮಂಡಿ ಅವರಿಗಿಂತ ಹಟಮಾರಿ. ವ್ಯಾಯಾಮ ಮಾಡಿಸಲು ಬರುವ ಹುಡುಗಿಯ ಜೊತೆ ದಿನಾ ಜಗಳ: "ಕಾಲು ನಂದು, ಎಷ್ಟು ಎತ್ತಬೇಕು ಅಂತ ಹೇಳೋಕೆ ನೀನ್ಯಾರೇ?" ನಿಮ್ಮಣ್ಣ ಔಷಧಿ ಅಂಗಡಿ ಮುಚ್ಚಿ ಬಂದು ಅಡುಗೆ ಮಾಡಿ, ಉಪ್ಪು ಕಡಿಮೆ ಎಂದು ಬೈಸಿಕೊಂಡು, ಪಾತ್ರೆ ತೊಳೆದು ಮಲಗುತ್ತಾರೆ. ಪಾಪ ಅನ್ನಿಸುತ್ತದೆ. ಅಪರೂಪಕ್ಕೆ ಹೋಗಿ ಪಾಪ ಅಂದು ಬೆಟ್ಟ ಹತ್ತುವುದು ನನಗೆ ಸುಲಭ.

ಚಳಿಗಾಲದ್ದು ಕೇಳಿದ್ದೀಯ. ಚಳಿಗಾಲದಲ್ಲಿ ಇಲ್ಲಿ ನಮ್ಮ ಹಲ್ಲೇ ಕಟಕಟ ಅನ್ನುತ್ತಿರುತ್ತದೆ, ಯಂತ್ರದ ಸುದ್ದಿ ಏನು ಹೇಳಲಿ.

ಒಂದು ಮಾತು, ತಪ್ಪು ತಿಳಿಯಬೇಡ. ಈ ಸಭೆಯಲ್ಲೇ ಹೇಳಬೇಕೇ? ವರ್ಷದ ಕೊನೆಗೆ ಇನ್ನೊಂದು ಇದೆಯಲ್ಲ. ಇಷ್ಟು ಅವಸರ ಯಾಕೆ? ಸ್ವಲ್ಪ ನಿಧಾನಿಸು. ಬೇಕಾದರೆ ಮನೆಗೆ ಬಂದು ಕೆಲವು ದಿನ ಇದ್ದು ಹೋಗು. ಎಲ್ಲರಿಗೂ ಒಳ್ಳೆಯದು.

ಅತ್ತಿಗೆ


ಜೂನ್ 3

ಅತ್ತಿಗೆ,

ನಿಮ್ಮ ಪತ್ರದ ಕೊನೆಯ ಸಾಲುಗಳನ್ನು ಮತ್ತೆ ಮತ್ತೆ ಓದಿದೆ. ನೇರವಾಗಿಯೇ ಕೇಳಿಬಿಡುತ್ತೇನೆ: ಇದು ಅಣ್ಣ ಹೇಳಿ ಬರೆಸಿದ್ದೇ?

ಅಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕು, ನನಗೂ ಅರ್ಥವಾಗುತ್ತದೆ. ಅಣ್ಣನಿಗೆ ಅಂಗಡಿ ಇದೆ, ನಿಮಗೆ ಬೆಟ್ಟ ಇದೆ. ಊರೂರು ಅಲೆಯುವವಳು ನಾನೊಬ್ಬಳೇ, ಹಾಗಾಗಿ ಬಿಡುವಾಗಿರುವವಳೂ ನಾನೇ ಎಂದು ಲೆಕ್ಕ. "ಬಾ" ಎಂದು ನೇರವಾಗಿ ಅಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನನ್ನ ಕೆಲಸಕ್ಕೆ "ಅವಸರ" ಅನ್ನುವ ಮಾತು ನಿಮ್ಮಿಂದ ಬರುತ್ತದೆ ಎಂದುಕೊಂಡಿರಲಿಲ್ಲ. ಮನೆಯಲ್ಲಿ ಎಲ್ಲರೂ "ನಕ್ಷತ್ರ ಎಣಿಸಿ ಹೊಟ್ಟೆ ತುಂಬತ್ತಾ" ಅಂದಾಗ ನನ್ನ ಪರ ನಿಂತವರು ನೀವೊಬ್ಬರೇ.

ನಿನ್ನೆ ಇಲ್ಲಿ ನನ್ನ ವಯಸ್ಸಿನವನೊಬ್ಬ ಟಾಕ್ ಕೊಡಲು ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಬೆವರಿದ ಕುತ್ತಿಗೆ. ಇನ್ನೂ ಪೀಠಿಕೆಯಲ್ಲೇ ಇದ್ದಾಗ ನಮ್ಮ ಪ್ರೊಫೆಸರ್ ಕೈ ಎತ್ತಿದರು.

"ಈ ಅಂಕಿ ಎಲ್ಲಿಂದ ಬಂತು?"

"ಅದನ್ನ ಆಮೇಲೆ ಹೇಳ್ತೀನಿ ಸರ್."

"ಆಮೇಲೆ ಯಾಕೆ? ಇದೇ ಗೊತ್ತಿಲ್ದಿದ್ರೆ ಮಿಕ್ಕಿದ್ದು ಕೇಳಿ ಏನು ಮಾಡೋದು?"

ಅವನು ಸ್ಲೈಡುಗಳನ್ನು ಹಿಂದೆ ಮುಂದೆ ಓಡಿಸಿದ. ಹುಡುಕುತ್ತಿದ್ದದ್ದು ಸಿಗಲಿಲ್ಲ. ಆಮೇಲೆ ಅವನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಕಾಫಿ ವೇಳೆಯಲ್ಲಿ ಲೋಟ ಹಿಡಿದು ಒಬ್ಬನೇ ನೋಟಿಸ್ ಬೋರ್ಡ್ ಓದುತ್ತ ನಿಂತಿದ್ದ. ಹೋಗಿ ಮಾತಾಡಿಸಬೇಕಿತ್ತು. ಹೋಗಲಿಲ್ಲ, ಅವನ ಸೋಲು ನನಗೂ ಅಂಟಿಕೊಳ್ಳುತ್ತದೇನೋ ಎಂಬಂತೆ.

ಸಂಜೆ ಪ್ರೊಫೆಸರ್ ನನ್ನ ಸ್ಲೈಡು ನೋಡಿದರು. "ಜಾಸ್ತಿ ಆಯ್ತಮ್ಮ. ಜನ ನಿಮ್ಮ ಅನುಮಾನ ಕೇಳೋಕೆ ಬರಲ್ಲ. ಕಡಿಮೆ ಹೇಳಿ, ಗಟ್ಟಿಯಾಗಿ ಹೇಳಿ" ಅಂದರು. ಕೆಲವನ್ನು ತೆಗೆದುಹಾಕಿದೆ.

ಸಭೆಯಲ್ಲಿ ಮಾತಾಡುವುದು ಖಂಡಿತ. ಅಣ್ಣನಿಗೂ ಹೇಳಿ.

ಗುಬ್ಬಿ


ಜೂನ್ 18

ಗುಬ್ಬಿ,

ನಿಮ್ಮಣ್ಣ ನನಗೆ ಏನೂ ಹೇಳಿಲ್ಲ. ನೀನು ಮಾತಾಡುವ ದಿನ ಅಂಗಡಿಗೆ ರಜಾ ಹಾಕುತ್ತೇನೆ ಎಂದು ಓಡಾಡುತ್ತಿದ್ದಾರೆ; ಅಲ್ಲಿಂದ ನೇರಪ್ರಸಾರ ಇರುತ್ತದಂತಲ್ಲ. ಅವರ ಮೇಲೆ ಕೋಪ ಬೇಡ. ನನ್ನ ಮೇಲೆ ಇದ್ದರೆ ಇರಲಿ.

ಒಂದೇ ಒಂದು ಮಾತು ಬರೆಯುತ್ತೇನೆ. ಇದನ್ನೂ ಬರೆಯಬಾರದು. ಚಳಿಯ ತಿಂಗಳ ಅಳತೆಯನ್ನೂ ಸೆಕೆಯ ತಿಂಗಳ ಅಳತೆಯನ್ನೂ ಬೇರೆ ಬೇರೆ ಮಾಡಿ ಲೆಕ್ಕ ಹಾಕಿ ನೋಡು. ಯಾಕೆ ಎಂದು ಕೇಳಬೇಡ. ನೋಡಿ, ಏನು ಬಂತೆಂದು ಬರೆ.

ಅತ್ತಿಗೆ


ಜುಲೈ 9

ಗುಬ್ಬಿ,

ನನ್ನ ಪತ್ರ ತಲುಪಿತೇ? ವ್ಯಾನು ಬಂದಾಗಲೆಲ್ಲ ಗೇಟಿಗೆ ಹೋಗಿ ನಿಲ್ಲುತ್ತಿದ್ದೇನೆ. ಡ್ರೈವರ್ ದೂರದಿಂದಲೇ ಕೈ ಆಡಿಸಿಬಿಡುತ್ತಾನೆ.

ಡೈರೆಕ್ಟರ್ ಸಭೆಗೆ ನನ್ನನ್ನೂ ಕರೆದೊಯ್ಯುತ್ತಿದ್ದಾರೆ. ನಿನ್ನ ಟಾಕ್ ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ. ಅದಕ್ಕೆ ಮುಂಚೆ ಒಂದು ಸಾಲು ಬರೆ. ಬೈದಾದರೂ ಬರೆ.

ಅತ್ತಿಗೆ


ಜುಲೈ 15

ಅತ್ತಿಗೆ,

ತಲುಪಿತು. ನೋಡಿದೆ. ಚಿಂತೆ ಮಾಡುವಂಥದ್ದು ಏನಿಲ್ಲ. ಕೆಲಸದ ಗಡಿಬಿಡಿಯಲ್ಲಿ ಬರೆಯಲಾಗಲಿಲ್ಲ. ಸಭೆಯಲ್ಲಿ ಸಿಗೋಣ.

ಗುಬ್ಬಿ


ಜುಲೈ 27

ಗುಬ್ಬಿ,

ನಿನ್ನ ಟಾಕ್ ಆದ ಮೇಲೆ ಇಡೀ ದಿನ ನಿನ್ನನ್ನು ಹುಡುಕಿದೆ. ನಿನ್ನ ಸುತ್ತ ಜನ. ಒಮ್ಮೆ ಕಣ್ಣು ಸೇರಿತು, ನೀನು ಬೇರೆ ಕಡೆ ತಿರುಗಿದೆ. ರಾತ್ರಿ ಊಟದ ಹೊತ್ತಿಗೆ, ರೈಲು ಹತ್ತಿದಳು ಎಂದರು.

ನಿನ್ನ ಹದಿನೈದನೆಯ ತಾರೀಕಿನ ಪತ್ರ ನೋಡಿ ನನಗೆ ಹೋದ ಜೀವ ಬಂದಂತಾಗಿತ್ತು. ಬೇರೆ ಮಾಡಿ ನೋಡಿದ್ದಾಳೆ, ವ್ಯತ್ಯಾಸ ಬಂದಿಲ್ಲ, ನಮ್ಮ ಅನುಮಾನವೇ ತಪ್ಪಿರಬೇಕು ಎಂದುಕೊಂಡೆ. ಹಿಂದಿನ ಸಾಲಿನಲ್ಲಿ ಹೆಮ್ಮೆಯಿಂದಲೇ ಕೂತೆ. ಎಷ್ಟು ಚೆನ್ನಾಗಿ ಮಾತಾಡಿದೆ! ನಿಮ್ಮ ಪ್ರೊಫೆಸರ್ ಮುಂದಿನ ಸಾಲಿನಲ್ಲಿ ಕೂತು ಒಂದೊಂದು ವಾಕ್ಯಕ್ಕೂ ತಲೆಯಾಡಿಸುತ್ತಿದ್ದರು.

ಆಮೇಲೆ ಆ ಕನ್ನಡಕದ ಹೆಂಗಸು ಎದ್ದು ಕೇಳಿದರಲ್ಲ, "ಚಳಿಗಾಲದ್ದನ್ನ ತೆಗೆದ್ರೆ ಏನಾಗತ್ತೆ?" ಎಂದು. ಹೊರಗಿನವರಿಗೂ ಅನುಮಾನ ಬಂದಿದೆಯೇ ಎಂದು ನಮ್ಮ ಡೈರೆಕ್ಟರ್ ಬೆನ್ನು ನೆಟ್ಟಗಾಯಿತು. ನೀನು ನೀರಿನ ಬಾಟಲಿ ಎತ್ತಿದೆ, ಕುಡಿಯದೆ ಹಾಗೇ ಇಟ್ಟೆ. "ಹೆಚ್ಚೇನೂ ಬದಲಾಗಲ್ಲ" ಅಂದೆ.

ಅತ್ತೆ "ಮಾತ್ರೆ ತಗೊಂಡೆ" ಎಂದು ಸುಳ್ಳು ಹೇಳುವಾಗ ಲೋಟ ಎತ್ತಿ ಇಡುವುದು ಹೀಗೆಯೇ. ನನಗೆ ಆ ಕ್ಷಣವೇ ಗೊತ್ತಾಯಿತು.

ಬದಲಾಗಲೇಬೇಕು, ಗುಬ್ಬಿ. ಯಾಕೆಂದು ಈಗ ಹೇಳುತ್ತೇನೆ. ರಿಸೀವರಿನಿಂದ ಬರುವ ಕೇಬಲ್ಲಿನಲ್ಲಿ ಒಂದು ಜೋಡಣೆ ಕೆಟ್ಟಿದೆ. ಚಳಿ ಏರಿದಾಗ ಲೋಹ ಕುಗ್ಗಿ ಅದು ಸಡಿಲವಾಗುತ್ತದೆ, ಆಕಾಶದಿಂದ ಬಂದದ್ದರಲ್ಲಿ ಒಂದಷ್ಟು ದಾರಿಯಲ್ಲೇ ಸೋರಿಹೋಗುತ್ತದೆ. ಸೆಕೆಗೆ ತಾನೇ ಬಿಗಿಯಾಗುತ್ತದೆ. ಹಾಗಾಗಿ ಚಳಿಗಾಲದ ಆಕಾಶ ಇದ್ದದ್ದಕ್ಕಿಂತ ಮಂಕಾಗಿ ಕಂಡಿದೆ. ಆ ಮಂಕನ್ನೇ ನೀವು "ಹೈಡ್ರೋಜನ್ ಗುಂಪುಗೂಡಿದ್ದು ಕಡಿಮೆ" ಎಂದು ಓದಿದ್ದೀರಿ.

ಮೇ ತಿಂಗಳಲ್ಲಿ ನಿನ್ನ ಪತ್ರ ಬಂದಾಗಲೇ ನಮಗೆ ಅನುಮಾನ ಹತ್ತಿತ್ತು. ಡೈರೆಕ್ಟರ್ ನನ್ನನ್ನು ಕೂರಿಸಿ ಹೇಳಿದರು: "ಖಾತ್ರಿ ಆಗೋ ತನಕ ಒಂದು ಮಾತೂ ಹೊರಗೆ ಹೋಗ್ಬಾರದು. ಈ ಅಳತೆ ನಂಬ್ಕೊಂಡು ಎಷ್ಟೋ ಗುಂಪು ಕೆಲಸ ಮಾಡ್ತಿವೆ. ನಿಮ್ಮ ನಾದಿನಿಗೆ ಮೊದ್ಲೇ ಹೇಳಿದ್ರೆ ಬೇರೆಯವರಿಗೆ ಏನು ಉತ್ತರ ಕೊಡ್ತೀರ?" ಅವರ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಅದೇ ಕಷ್ಟವಾಯಿತು. ಈ ವರ್ಷ ನನ್ನ ಕೆಲಸ ಖಾಯಂ ಆಗಬೇಕು ಎಂಬುದೂ ಇತ್ತು, ಮುಚ್ಚಿಡುವುದಿಲ್ಲ. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡು ಅವಸರ, ನಿಧಾನ ಎಂದೆಲ್ಲ ಸುತ್ತು ಬಳಸಿದೆ.

ಈಗ ಖಾತ್ರಿಯಾಗಿದೆ. ಸೆಪ್ಟೆಂಬರಿನಲ್ಲಿ ತಾಂತ್ರಿಕ ಟಿಪ್ಪಣಿ ಎಲ್ಲರಿಗೂ ಹೋಗುತ್ತದೆ. ಅದು ಬಂದ ಮೇಲೆ ನೀನು ಏನು ಹೇಳಿದರೂ ಸಿಕ್ಕಿಬಿದ್ದವಳ ಮಾತಾಗುತ್ತದೆ. ಅದಕ್ಕೆ ಮುಂಚೆ ಹೇಳಿಬಿಡು. ಇದನ್ನು ಬರೆದದ್ದು ಗೊತ್ತಾದರೆ ನನ್ನ ಕೆಲಸ ಹೋಗಬಹುದು. ಹೋದರೆ ಹೋಗಲಿ, ಈ ಪತ್ರವನ್ನು ವ್ಯಾನಿಗೆ ಹಾಕಿಯೇ ಊಟಕ್ಕೆ ಹೋಗುತ್ತೇನೆ.

ಅತ್ತಿಗೆ


ಆಗಸ್ಟ್ 6

ಅತ್ತಿಗೆ,

ನಿಮ್ಮ ಪತ್ರ ಓದಿ ಮೊದಲು ಬಂದದ್ದು ಸಿಟ್ಟು. ಮೇ ತಿಂಗಳಲ್ಲೇ ಗೊತ್ತಿತ್ತು! ನಾನು ಕೇಳಿದೆ, ನೀವು ಹಲ್ಲು ಕಟಕಟ ಎಂದು ನಗೆಚಾಟಿಕೆ ಬರೆದಿರಿ. ಅದೊಂದು ಪತ್ರದಲ್ಲಿ ನಿಜ ಹೇಳಿದ್ದರೆ ನಾನು ಆ ವೇದಿಕೆ ಹತ್ತುತ್ತಲೇ ಇರಲಿಲ್ಲ. ಹೀಗೆ ನಿಮ್ಮ ಮೇಲೆ ಎರಡು ಪುಟ ಬರೆದೆ. ಆಮೇಲೆ ಹರಿದುಹಾಕಿದೆ.

ಯಾಕೆಂದರೆ ನೀವು ಹೇಳಬೇಕಾಗಿಯೇ ಇರಲಿಲ್ಲ. ಚಳಿಗಾಲ ತೆಗೆದು ನಾನು ಏಪ್ರಿಲ್‌ನಲ್ಲೇ ನೋಡಿದ್ದೆ. ಕೊರತೆಯಲ್ಲಿ ಮುಕ್ಕಾಲು ಪಾಲು ಮಾಯವಾಗುತ್ತದೆ. ಪ್ರೊಫೆಸರಿಗೆ ತೋರಿಸಿದಾಗ "ಅಳತೆ ಕಡಿಮೆ ಆದ್ರೆ ಏರುಪೇರು ಆಗೋದು ಸಹಜ" ಎಂದು ತಳ್ಳಿಹಾಕಿದರು. ಆ ಉತ್ತರ ಸಾಲದು ಎಂದು ನನಗೆ ಗೊತ್ತಿತ್ತು, ಆದರೆ ಸಾಕಾಗಲಿ ಎಂದು ಆಸೆಪಟ್ಟೆ. ನಿಮಗೆ "ಸುಮ್ಮನೆ ಕೇಳಿದೆ" ಎಂದು ಬರೆದೆನಲ್ಲ, ನೀವು "ಏನೂ ಆಗಿಲ್ಲ" ಅಂದಿದ್ದರೆ ಅದನ್ನೇ ಹಿಡಿದುಕೊಂಡು ನಿದ್ದೆಹೋಗುತ್ತಿದ್ದೆ. ಜೂನ್‌ನಲ್ಲಿ ತೆಗೆದುಹಾಕಿದ ಸ್ಲೈಡುಗಳಲ್ಲಿ ಅದೂ ಇತ್ತು.

ಅವರು ಪ್ರಶ್ನೆ ಕೇಳಿದಾಗ ಸುಳ್ಳು ಹೇಳಬೇಕೆಂದು ತೀರ್ಮಾನಿಸಿರಲಿಲ್ಲ. ಮುಂದಿನ ಸಾಲಿನಲ್ಲಿ ಪ್ರೊಫೆಸರ್ ಮುಖ ಕಂಡಿತು, ಅವರ ಪಕ್ಕದಲ್ಲಿ ಹುದ್ದೆ ಕೊಡುವವರ ಮುಖ, ಕ್ಯಾಮೆರಾದ ಆಚೆ ಅಂಗಡಿ ಮುಚ್ಚಿ ಕೂತ ಅಣ್ಣ. ನಾಲಿಗೆ ತಾನೇ ಹೊರಳಿಬಿಟ್ಟಿತು. ಆಮೇಲೆ ಚಪ್ಪಾಳೆ. ಚಪ್ಪಾಳೆಯ ಸದ್ದು ಅಷ್ಟು ಅಸಹ್ಯವಾಗಿರುತ್ತದೆ ಎಂದು ಗೊತ್ತಿರಲಿಲ್ಲ.

ಹುದ್ದೆಯ ಸಂದರ್ಶನಕ್ಕೆ ಕರೆ ಬಂದಿದೆ. ಮುಂದಿನ ವಾರಗಳಲ್ಲೇ, ಅದೇ ಕಿಟಕಿಯಿಲ್ಲದ ಕೋಣೆಯಲ್ಲಿ ಇನ್ನೊಂದು ಟಾಕ್. ಸ್ಲೈಡು ಮತ್ತೆ ಸೇರಿಸಲೇ ಎಂದು ಪ್ರೊಫೆಸರನ್ನು ಕೇಳಿದೆ. ನಿಮ್ಮ ಹೆಸರು ಎತ್ತಲಿಲ್ಲ. "ಕೆಲಸ ಕೈಗೆ ಬರಲಿ, ತಿದ್ದೋಕೆ ಜೀವಮಾನ ಇದೆ" ಅಂದರು. ಅವರು ಕೆಟ್ಟವರಲ್ಲ, ಅತ್ತಿಗೆ. ನನಗೆ ಒಳ್ಳೆಯದಾಗಲಿ ಎಂದೇ ಹೇಳುತ್ತಿದ್ದಾರೆ. ಸೆಪ್ಟೆಂಬರಿಗೆ ಮುಂಚೆ ಆದೇಶ ಕೈಗೆ ಬಂದೀತು ಎಂದು ನನ್ನ ಮನಸ್ಸೂ ಒಳಗೊಳಗೇ ಲೆಕ್ಕ ಹಾಕುತ್ತಿದೆ. ನಾಚಿಕೆಯಾಗುತ್ತದೆ, ಆದರೂ ಲೆಕ್ಕ ನಿಲ್ಲುವುದಿಲ್ಲ.

ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ಸದ್ಯಕ್ಕೆ ಬರೆಯಬೇಡಿ. ನೀವು ಬರೆದರೆ ನಿಮಗಾಗಿ ಮಾಡಿದ ಹಾಗಾಗುತ್ತದೆ.

ಗುಬ್ಬಿ


ಆಗಸ್ಟ್ 24

ಅತ್ತಿಗೆ,

ಹೇಳಿದೆ.

ಮೊದಲಿನಿಂದ ಬರೆಯುತ್ತೇನೆ. ಉದ್ದನೆಯ ಮೇಜು, ಆಯ್ಕೆ ಸಮಿತಿಯವರು, ಗೋಡೆಗೆ ಒರಗಿ ನಿಂತ ವಿದ್ಯಾರ್ಥಿಗಳು. ಸಭೆಯಲ್ಲಿ ಪ್ರಶ್ನೆ ಕೇಳಿದ ಆ ಕನ್ನಡಕದವರು ಅಲ್ಲಿಯವರೇ ಎಂದು ಒಳಗೆ ಹೋದ ಮೇಲೆ ಗೊತ್ತಾಯಿತು. ಈ ಸಲ ಪ್ರೊಜೆಕ್ಟರ್ ಮೊದಲ ಸಲಕ್ಕೇ ಹೊತ್ತಿಕೊಂಡಿತು. ಒಂದಿಷ್ಟು ಹೊತ್ತು ತಡವಾಗಲಿ ಎಂದು ನಾನು ಬೇಡಿಕೊಳ್ಳುತ್ತಿದ್ದ ದಿನವೇ.

ತೆಗೆದುಹಾಕಿದ್ದ ಸ್ಲೈಡನ್ನು ಎಲ್ಲಕ್ಕಿಂತ ಮೊದಲು ಇಟ್ಟಿದ್ದೆ. ಎಡಗಡೆ ಪೂರ್ತಿ ವರ್ಷ, ಬಲಗಡೆ ಚಳಿಗಾಲ ತೆಗೆದದ್ದು. ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿದರು.

"ಹೋದ ತಿಂಗಳು ಬೇರೆ ಹೇಳಿದ್ರಲ್ಲ?"

"ಹೌದು ಸರ್."

"ಆಗ ಇದು ಗೊತ್ತಿರಲಿಲ್ವಾ?"

"ಗೊತ್ತಿತ್ತು. ಏಪ್ರಿಲ್‌ನಿಂದಲೇ ಗೊತ್ತಿತ್ತು."

"ಅಂದ್ರೆ ಬಾಯಿತಪ್ಪಿ ಹೇಳಿದ್ರಿ ಅಂತಾನಾ?"

ಅವರು ನನಗೆ ಬಾಗಿಲು ತೆರೆದುಕೊಡುತ್ತಿದ್ದರು, ಅತ್ತಿಗೆ. ಹೌದು ಎಂದರೆ ಮುಗಿಯುತ್ತಿತ್ತು.

"ಇಲ್ಲ ಸರ್. ಸುಳ್ಳು ಹೇಳಿದೆ."

ಯಾರೋ ಕುರ್ಚಿ ಎಳೆದ ಸದ್ದು. ಆಮೇಲೆ ಕನ್ನಡಕದವರು ಕೇಳಿದರು, "ಚಳಿಗಾಲದಲ್ಲಿ ಮಾತ್ರ ಯಾಕೆ ಹೀಗೆ? ಕಾರಣ ಏನಿರಬಹುದು?"

ಇದಕ್ಕೆ ನಾನು ಸಿದ್ಧವಾಗಿರಲಿಲ್ಲ. ಉತ್ತರ ಗೊತ್ತು, ಆದರೆ ಆ ಉತ್ತರ ನಿಮ್ಮದು. ಗೊತ್ತಿಲ್ಲ ಎಂದರೆ ಇನ್ನೊಂದು ಸುಳ್ಳು, ಗೊತ್ತು ಎಂದರೆ ನಿಮ್ಮ ಕುತ್ತಿಗೆಗೆ ಬರುತ್ತದೆ. ಕೊನೆಗೆ, "ಯಂತ್ರದ ವಿಷಯ ಯಂತ್ರ ನೋಡ್ಕೊಳ್ಳೋರೇ ಹೇಳಬೇಕು ಮೇಡಂ, ಆ ಮಾತು ನನ್ನದಲ್ಲ. ನನ್ನ ಲೆಕ್ಕಕ್ಕೆ ಮಾತ್ರ ನಾನು ಜವಾಬ್ದಾರಿ" ಅಂದೆ. ಅವರು ನನ್ನನ್ನು ದಿಟ್ಟಿಸಿ ನೋಡಿ, "ಸರಿ, ಮುಂದುವರಿಸಿ" ಅಂದರು. ಅವರಿಗೆ ಏನೋ ಅರ್ಥವಾಗಿರಬೇಕು.

ಮುಂದುವರಿಸಿದೆ. ಉಳಿದ ಕಾಲು ಪಾಲು ಕೊರತೆ ನಿಜವೋ ಭ್ರಮೆಯೋ ಈ ಅಳತೆಗಳಿಂದ ಹೇಳಲಾಗದು ಎಂದು ತೋರಿಸಿದೆ. ಪ್ರಶ್ನೆಗಳು ಬಂದವು, ಒಳ್ಳೆಯ ಪ್ರಶ್ನೆಗಳು. ಒಂದೆರಡಕ್ಕೆ "ಗೊತ್ತಿಲ್ಲ" ಎಂದಾಗ ನಿಜವಾಗಿಯೂ ಗೊತ್ತಿರಲಿಲ್ಲ. ಇಷ್ಟು ಹಗುರವಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ.

ಹುದ್ದೆ ಬೇರೆಯವರಿಗಾಯಿತು. ಅಧ್ಯಕ್ಷರು ಫೋನಿನಲ್ಲಿ ಮರ್ಯಾದೆಯಿಂದಲೇ ಹೇಳಿದರು: "ಈ ಟಾಕ್ ನಮಗೆ ಇಷ್ಟ ಆಯ್ತಮ್ಮ. ಸಭೇಲಿ ಕೊಟ್ಟಿದ್ದು ಮರೆಯೋಕೆ ಆಗ್ಲಿಲ್ಲ." ಸಭೆಯ ಆಯೋಜಕರಿಗೂ ತಿದ್ದುಪಡಿ ಬರೆದು ಕಳಿಸಿದ್ದೇನೆ. ಪ್ರೊಫೆಸರ್ ಕಾರಿಡಾರಿನಲ್ಲಿ ಎದುರಾದರೆ ಫೋನು ನೋಡುತ್ತ ಹೋಗುತ್ತಾರೆ. ಇಲ್ಲಿಯ ಒಪ್ಪಂದ ಮಾರ್ಚ್‌ಗೆ ಮುಗಿಯುತ್ತದೆ, ಮುಂದೆ ಎಲ್ಲಿ ಎಂದು ತಿಳಿಯದು. ಭಯವಾಗುತ್ತಿದೆ.

ಆಯ್ತು, ಈಗ ಬರೆಯಬಹುದು. ಅಣ್ಣನಿಗೆ ನೀವೇ ಹೇಳಿಬಿಡಿ, ನನ್ನ ಕೈಲಾಗದು.

ನಿಮ್ಮ
ಗುಬ್ಬಿ


ಸೆಪ್ಟೆಂಬರ್ 12

ಗುಬ್ಬಿ,

ಟಿಪ್ಪಣಿ ಹೊರಬಿತ್ತು. ಈಗ ಎಲ್ಲ ಗುಂಪಿನವರೂ ಚಳಿಗಾಲ ತೆಗೆದು ನೋಡುತ್ತ ಕೂತಿದ್ದಾರೆ. ಬೆಟ್ಟಕ್ಕೆ ಬರುವ ಬೈಗುಳದ ಮೇಲ್ ಓದುವುದೇ ಒಂದು ಕೆಲಸವಾಗಿದೆ. ನಾವು ಜೋಡಣೆ ಬದಲಾಯಿಸುತ್ತಿದ್ದೇವೆ. ವೆಲ್ಡರ್ ದಿನವಿಡೀ ಮೇಲೇ ಇರುತ್ತಾನೆ.

ನೀನು ಅಷ್ಟು ಜನರೆದುರು ಕಾಪಾಡಿದೆಯಲ್ಲ, ಆ ಮಾತನ್ನು ನಾನೇ ಡೈರೆಕ್ಟರ್ ಮುಂದೆ ಒಪ್ಪಿಸಿದೆ. ಟಿಪ್ಪಣಿಗೆ ಮುಂಚೆಯೇ ನಿನಗೆ ಬರೆದಿದ್ದೆ ಎಂದೆ. ಬೈಯಬೇಡ. ನಿನ್ನ ಪತ್ರ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಅವರು "ನೀವು ಬಂದು ಹೇಳ್ಬಾರದಿತ್ತು, ಹೇಳಿದ ಮೇಲೆ ನಾನು ಸುಮ್ಮನಿರೋಕೂ ಆಗಲ್ಲ" ಅಂದರು. ಖಾಯಂ ಆಗುವುದು ಒಂದು ವರ್ಷ ಮುಂದಕ್ಕೆ ಹೋಯಿತು. ಕೆಲಸ ಉಳಿದಿದೆ.

ಭಾನುವಾರ ಮನೆಗೆ ಹೋಗಿ ನಿಮ್ಮಣ್ಣನಿಗೆ ಎಲ್ಲ ಹೇಳಿದೆ. ಅವರು ನೇರಪ್ರಸಾರಕ್ಕೆ ಪಕ್ಕದ ಅಂಗಡಿಯವರನ್ನೆಲ್ಲ ಕೂಡಿಸಿದ್ದರಂತೆ. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದು, ಆಮೇಲೆ "ಅವಳು ಸರಿಯಾಗಿ ಊಟ ಮಾಡ್ತಿದಾಳಂತಾ?" ಎಂದು ಕೇಳಿದರು. ಅಷ್ಟೇ.

ಅತ್ತೆ ಒಳಗಿನಿಂದ ಕೋಲೂರಿಕೊಂಡು ಬಂದು, "ಏನದು, ನಂಗೂ ಓದಿ ಹೇಳು" ಅಂದರು. ನಿನ್ನ ಆಗಸ್ಟ್ ಕೊನೆಯ ಪತ್ರ ಓದಿದೆ. ಕಿಟಕಿಯಿಲ್ಲದ ಕೋಣೆ, ಅಧ್ಯಕ್ಷರ ಪೆನ್ನು, "ಇಲ್ಲ ಸರ್, ಸುಳ್ಳು ಹೇಳಿದೆ" ಎಲ್ಲವನ್ನೂ ಓದಿದೆ. ಲೆಕ್ಕ, ಅಳತೆ ಬಂದಲ್ಲೆಲ್ಲ ಅವರು ಕಣ್ಣು ಮುಚ್ಚಿಕೊಂಡರು, ಮಾತು ಬಂದಲ್ಲೆಲ್ಲ ತೆರೆದರು.

ಹುದ್ದೆಯ ಸಾಲಿಗೆ ಮುಂಚೆ ನಾನು ನಿಲ್ಲಿಸಿದಾಗ, "ಅದೆಲ್ಲ ಇರಲಿ, ಕೆಲಸ ಸಿಕ್ತಾ ಇಲ್ವಾ ಅಷ್ಟು ಹೇಳು" ಅಂದರು.

"ಇಲ್ಲ ಅತ್ತೆ" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು.

"ಮತ್ತೆ ಇಷ್ಟು ಖುಷಿಯಾಗಿ ಯಾಕೆ ಓದಿದೆ?"

ಮಂಡಿಗೆ ಹಚ್ಚುವ ಎಣ್ಣೆ ತರಲು ಒಳಗೆ ಹೋದೆ, ಗುಬ್ಬಿ.

ಅತ್ತಿಗೆ